ನಿಶ್ಶಬ್ದದಲ್ಲಿ ಕಲಿತ ಗುರಿ
ಶೂಟಿಂಗ್ ತರಬೇತುದಾರರಿಗೂ ಎಳೆಯ ಶೂಟರ್‌ಗಳ ತಂದೆ-ತಾಯಂದಿರಿಗೂ ಒಂದು ಬಹಿರಂಗ ಪತ್ರ



ಹತ್ತು ಮೀಟರ್ ಏರ್ ಪಿಸ್ತೂಲು ಮತ್ತು ಏರ್ ರೈಫಲ್ ಕಲಿಯುವ ಮಕ್ಕಳಲ್ಲಿ ಬಹಳಷ್ಟು ಮಂದಿಯ ಅಭ್ಯಾಸದ ಅಂಕಕ್ಕೂ ಪಂದ್ಯದ ಅಂಕಕ್ಕೂ ನಡುವೆ ಒಂದು ಅಂತರ ಇದ್ದೇ ಇರುತ್ತದೆ. "ರೇಂಜ್‌ನಲ್ಲಿ ಚೆನ್ನಾಗಿಯೇ ಹೊಡೆಯುತ್ತಾಳೆ, ಮ್ಯಾಚ್ ಅಂದ ಕೂಡಲೇ ಏನೋ ಆಗಿಬಿಡುತ್ತದೆ" ಎಂಬ ಮಾತು ಹಿಂಬದಿಯ ಬೆಂಚುಗಳಲ್ಲಿ ಅದೆಷ್ಟು ಸಲ ಕೇಳಿಬರುತ್ತದೆಯೆಂದರೆ, ಅದನ್ನು ಮಗುವಿನ ಹಣೆಬರಹವೆಂದೋ ಅಳ್ಳೆದೆಯ ಲಕ್ಷಣವೆಂದೋ ಒಪ್ಪಿಕೊಂಡು ಸುಮ್ಮನಾಗುವುದು ರೂಢಿಯಾಗಿಬಿಟ್ಟಿದೆ. ಆ 'ಏನೋ' ಎಂಬುದು ನಿಗೂಢವಾದದ್ದಲ್ಲ, ಅದಕ್ಕೆ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಗುರುತಿಸಬಹುದಾದ ಕಾರಣಗಳಿವೆ, ಅದು ಮಗುವಿನ ಸ್ವಭಾವದ ಕೊರತೆಯಾಗಿರದೆ ಹೆಚ್ಚಿನ ವೇಳೆ ತರಬೇತಿಯಲ್ಲಿ ಬಿಟ್ಟುಹೋದ ಒಂದು ಪಾಠವಾಗಿರುತ್ತದೆ ಎಂಬುದನ್ನು ತಮ್ಮ ಮುಂದಿಡುವುದು ಈ ಪತ್ರದ ಉದ್ದೇಶ.

ಈ ಕ್ರೀಡೆ ಎಷ್ಟು ಸೂಕ್ಷ್ಮವಾದದ್ದೆಂಬುದನ್ನು ಅಳತೆಗಳ ಮೂಲಕವೇ ನೋಡುವುದು ಒಳ್ಳೆಯದು. ಏರ್ ಪಿಸ್ತೂಲಿನ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿ.ಮೀ., ಏರ್ ರೈಫಲ್‌ನಲ್ಲಂತೂ ಅದು 0.5 ಮಿ.ಮೀ.ನ ಒಂದು ಚುಕ್ಕೆ ಮಾತ್ರ. ಹೊಡೆಯುವ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, 4.5 ಮಿ.ಮೀ. ದಪ್ಪವಿರುತ್ತದೆ. ಪಿಸ್ತೂಲಿನ ಮುಂದಿನ ಸೈಟ್‌ಗೂ ಹಿಂದಿನ ಸೈಟ್‌ಗೂ ನಡುವೆ 30 ಸೆಂ.ಮೀ. ಅಂತರವಿದೆಯೆಂದು ಇಟ್ಟುಕೊಂಡರೆ, ಟ್ರಿಗರ್ ಎಳೆಯುವ ಗಳಿಗೆಯಲ್ಲಿ ಮುಂದಿನ ಸೈಟ್ ಕೇವಲ ಒಂದು ಮಿ.ಮೀ. ಪಕ್ಕಕ್ಕೆ ಸರಿದರೂ ಹತ್ತು ಮೀಟರ್ ದೂರದಲ್ಲಿ ಗುಂಡು ಸುಮಾರು 33 ಮಿ.ಮೀ. ಆಚೆ ಬೀಳುತ್ತದೆ, ಮೂರು ನಾಲ್ಕು ಅಂಕಗಳು ಒಂದೇ ಏಟಿಗೆ ಕೈತಪ್ಪುತ್ತವೆ. ಹೀಗೆ ಕೂದಲೆಳೆಯ ಲೆಕ್ಕದಲ್ಲಿ ನಡೆಯುವ ಕೆಲಸವನ್ನು ಅರ್ಹತಾ ಸುತ್ತಿನಲ್ಲಿ 75 ನಿಮಿಷಗಳೊಳಗೆ 60 ಸಲ ಮಾಡಬೇಕಾಗುತ್ತದೆ. ಪ್ರಶಾಂತವಾದ ಕೋಣೆಯಲ್ಲಿ, ಪರಿಚಿತ ಲೇನ್‌ನಲ್ಲಿ, ಬೇಸರವಾದಾಗ ನೀರು ಕುಡಿಯಲು ಹೋಗುವ ಸ್ವಾತಂತ್ರ್ಯದ ನಡುವೆ ಇದನ್ನು ಸಾವಿರಾರು ಸಲ ಮಾಡಿದ ಮಗುವಿಗೆ ಪಂದ್ಯದ ದಿನ ಎದುರಾಗುವ ದೇಹವೇ ಬೇರೆ.

'ದೇಹವೇ ಬೇರೆ' ಎಂಬುದು ಅತಿಶಯದ ಮಾತಲ್ಲ. ಆತಂಕದ ಹೊತ್ತಿನಲ್ಲಿ ರಕ್ತಕ್ಕೆ ಸೇರುವ ಅಡ್ರಿನಲಿನ್ ಎಂಬ ರಸವು ಎದೆಬಡಿತವನ್ನು ಏರಿಸುತ್ತದೆ, ಚರ್ಮದ ರಕ್ತನಾಳಗಳು ಕಿರಿದಾಗಿ ಬೆರಳುಗಳು ತಣ್ಣಗಾಗುತ್ತವೆ, ಅಂಗೈ ಬೆವರುತ್ತದೆ, ಎಲ್ಲರ ಕೈಯಲ್ಲೂ ಸದಾ ಇರುವ ಆದರೆ ಕಣ್ಣಿಗೆ ಕಾಣದ ಸಹಜ ನಡುಕವು ಕಾಣುವಷ್ಟು ಹೆಚ್ಚುತ್ತದೆ. ಚಾಚಿದ ತೋಳಿನ ತುದಿಯಲ್ಲಿ ಹಿಡಿದ ಪಿಸ್ತೂಲು ಪ್ರತಿ ಎದೆಬಡಿತಕ್ಕೂ ಒಂದಿಷ್ಟು ಕದಲುತ್ತದೆ. ಫಿನ್ಲೆಂಡಿನ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನುರಿತ ಶೂಟರ್‌ಗಳು ತಮಗೇ ಅರಿವಿಲ್ಲದಂತೆ ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಳ್ಳುವ ಅವಧಿಯಲ್ಲಿ ಟ್ರಿಗರ್ ಎಳೆಯುತ್ತಾರೆಂದೂ ಹೊಸಬರಲ್ಲಿ ಈ ಹೊಂದಾಣಿಕೆ ಇರುವುದಿಲ್ಲವೆಂದೂ ಕಂಡುಬಂದಿತ್ತು. ಬಡಿತ ವೇಗವಾದಷ್ಟೂ ಆ ನಡುವಿನ ಬಿಡುವು ಕಿರಿದಾಗುತ್ತದೆ, ಶಾಂತ ನಾಡಿಗೆ ಒಗ್ಗಿಕೊಂಡ ಬೆರಳು ಅಲ್ಲಿ ದಾರಿ ತಪ್ಪುತ್ತದೆ.

ದೈಹಿಕ ಒತ್ತಡ ಮತ್ತು ಮಾನಸಿಕ ಒತ್ತಡ ಎರಡೂ ನಾಡಿಯನ್ನು ಏರಿಸುತ್ತವೆಯಾದರೂ ಅವೆರಡೂ ಒಂದೇ ಅಲ್ಲ ಎಂಬುದನ್ನು ಇಲ್ಲಿಯೇ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ತರಬೇತಿಯಲ್ಲಿ ಆಗುವ ತಪ್ಪುಗಳಲ್ಲಿ ಹಲವು ಈ ಗೊಂದಲದಿಂದಲೇ ಹುಟ್ಟುತ್ತವೆ. ಮೆಟ್ಟಿಲು ಹತ್ತಿ ಬಂದ ಮಗುವಿನ ಎದೆ ಬಡಿದುಕೊಳ್ಳುತ್ತಿದ್ದರೂ ಕೈ ಬೆಚ್ಚಗಿರುತ್ತದೆ, ಮನಸ್ಸು ತಿಳಿಯಾಗಿರುತ್ತದೆ, ಎರಡು ನಿಮಿಷ ಕಳೆದರೆ ಎಲ್ಲವೂ ಸಮಸ್ಥಿತಿಗೆ ಬರುತ್ತದೆ. ಕೊನೆಯ ಗುಂಡಿಗಾಗಿ ನಿಂತ ಮಗುವಿನ ಕೈ ತಣ್ಣಗಿರುತ್ತದೆ, ಮನಸ್ಸು ಅಂಕಪಟ್ಟಿಯ ಕಡೆಗೂ ತಂದೆಯ ಮುಖದ ಕಡೆಗೂ ಹರಿದಾಡುತ್ತಿರುತ್ತದೆ, ನಿಮಿಷಗಳು ಕಳೆದಂತೆ ಬಡಿತ ಇಳಿಯುವ ಬದಲು ಏರುತ್ತದೆ. ಆದುದರಿಂದ ಮಕ್ಕಳನ್ನು ಮೈದಾನದ ಸುತ್ತ ಓಡಿಸಿ ತಂದು ಗುಂಡು ಹೊಡೆಸಿದ ಮಾತ್ರಕ್ಕೆ ಒತ್ತಡದ ತರಬೇತಿ ಮುಗಿಯಿತೆಂದು ಭಾವಿಸುವ ಕ್ರಮ ಅರೆಬರೆಯಾದದ್ದು; ಏರಿದ ನಾಡಿಯೊಡನೆ ಗುರಿ ಹಿಡಿಯುವುದನ್ನು ಅದು ಕಲಿಸಬಲ್ಲುದು, ಚಂಚಲಗೊಂಡ ಗಮನವನ್ನು ಹಿಡಿದಿಡುವುದನ್ನು ಕಲಿಸಲಾರದು.

ದೈಹಿಕ ಒತ್ತಡದ ಶೂಟಿಂಗ್ ಅದರ ಪೂರ್ಣ ರೂಪದಲ್ಲಿ ಕಾಣುವುದು ಯುರೋಪಿನ ಹಿಮಪ್ರದೇಶಗಳಲ್ಲಿ ಬೆಳೆದ ಬಯಾಥ್ಲಾನ್‌ನಲ್ಲಿ. ಹಿಮದ ಮೇಲೆ ಸ್ಕೀ ಮಾಡುತ್ತ ಬರುವ ಸ್ಪರ್ಧಿ 50 ಮೀಟರ್ ದೂರದ ಐದು ಗುರಿಗಳಿಗೆ ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ಅಡ್ಡಳತೆ 45 ಮಿ.ಮೀ., ನಿಂತು ಹೊಡೆಯುವಾಗ 115 ಮಿ.ಮೀ.; ಬಹುತೇಕ ಸ್ಪರ್ಧೆಗಳಲ್ಲಿ ತಪ್ಪಿದ ಪ್ರತಿ ಗುಂಡಿಗೂ 150 ಮೀಟರ್‌ನ ದಂಡದ ಸುತ್ತು ಹಾಕಬೇಕು. ಸಂಶೋಧಕರಾದ ಜೋನ್ ವಿಕರ್ಸ್ ಮತ್ತು ಮಾರ್ಕ್ ವಿಲಿಯಮ್ಸ್ 2007ರಲ್ಲಿ ಈ ಕ್ರೀಡಾಪಟುಗಳ ಕಣ್ಣಿನ ಚಲನೆಯನ್ನು ಅಳೆದು ನೋಡಿದಾಗ, ಮೈದಣಿದು ಒತ್ತಡವೂ ಹೆಚ್ಚಿದ ಸ್ಥಿತಿಯಲ್ಲಿ ಯಾರ ದೃಷ್ಟಿ ಟ್ರಿಗರ್‌ಗೆ ಮುಂಚೆ ಗುರಿಯ ಮೇಲೆ ಹೆಚ್ಚು ಹೊತ್ತು ಕದಲದೆ ನಿಂತಿತೋ ಅವರು ಎಡವಲಿಲ್ಲ ಎಂಬುದು ತಿಳಿದುಬಂದಿತು. 'ಕ್ವಯಟ್ ಐ', ಅಂದರೆ ನಿಶ್ಚಲ ದೃಷ್ಟಿ, ಎಂದು ಕರೆಯಲಾಗುವ ಈ ಕೊನೆಯ ನೋಟವನ್ನು ಅಭ್ಯಾಸದಿಂದ ಬೆಳೆಸಬಹುದೆಂಬುದೇ ಇಲ್ಲಿ ಸಮಾಧಾನದ ಸಂಗತಿ.

ಮಾನಸಿಕ ಒತ್ತಡ ಏನು ಮಾಡಬಲ್ಲುದೆಂಬುದಕ್ಕೆ ಅಮೆರಿಕದ ಮ್ಯಾಥ್ಯೂ ಎಮನ್ಸ್ ಅವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಮೂರು ಭಂಗಿಗಳ ಫೈನಲ್‌ನಲ್ಲಿ ಅವರು ಕೊನೆಯ ಗುಂಡಿಗೆ ಮೊದಲು ಮುನ್ನಡೆಯಲ್ಲಿದ್ದರು. ಆ ಗುಂಡನ್ನು ಅವರು ಪಕ್ಕದ ಲೇನ್‌ನ ಗುರಿಗೆ ಹೊಡೆದರು, ಅಂಕ ಸೊನ್ನೆಯಾಯಿತು, ಚಿನ್ನದಿಂದ ಎಂಟನೆಯ ಸ್ಥಾನಕ್ಕೆ ಜಾರಿದರು. ನಾಲ್ಕು ವರ್ಷಗಳ ನಂತರ ಬೀಜಿಂಗ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಮತ್ತೆ ಮುನ್ನಡೆಯಲ್ಲಿದ್ದವರು ಕೊನೆಯ ಗುಂಡಿನಲ್ಲಿ 4.4 ಪಡೆದು ನಾಲ್ಕನೆಯವರಾದರು. ಅದೇ ಅಥೆನ್ಸ್‌ನಲ್ಲಿ ಮಲಗಿ ಹೊಡೆಯುವ ಸ್ಪರ್ಧೆಯ ಚಿನ್ನ ಗೆದ್ದಿದ್ದವರು ಅವರು. ಅಂಥವರಿಗೇ ಹೀಗಾಗಬಹುದಾದರೆ ಹದಿನಾಲ್ಕು ವರ್ಷದ ಮಗುವಿಗೆ ಪಂದ್ಯದಲ್ಲಿ ಕೈ ನಡುಗಿತೆಂದು ಬೇಸರಪಟ್ಟುಕೊಳ್ಳುವುದರಲ್ಲಿ ಯಾವ ನ್ಯಾಯವೂ ಇಲ್ಲ. ಎಮನ್ಸ್ 2012ರಲ್ಲಿ ಲಂಡನ್‌ಗೆ ಮರಳಿ ಬಂದು ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರೆಂಬುದನ್ನು ಮಕ್ಕಳಿಗೆ ಹೇಳುವಾಗ ಮರೆಯಬಾರದು.

ಒತ್ತಡವನ್ನು ಅಭ್ಯಾಸದೊಳಗೆ ತಂದರೆ ಪ್ರಯೋಜನವಿದೆಯೆ ಎಂಬ ಪ್ರಶ್ನೆಗೆ ನೆದರ್ಲೆಂಡ್ಸ್‌ನ ಸಂಶೋಧಕ ರೌಲ್ ಔದೆಯಾನ್ಸ್ ಅವರು ಪೊಲೀಸರ ನಡುವೆ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ನೇರವಾದ ಉತ್ತರ ಕೊಡುತ್ತದೆ. ಪೊಲೀಸರ ಒಂದು ತಂಡ ರಟ್ಟಿನ ಗುರಿಗಳ ಮೇಲೆ ಅಭ್ಯಾಸ ಮಾಡಿತು, ಇನ್ನೊಂದು ತಂಡ ಬಣ್ಣದ ಸೋಪಿನ ಗುಂಡುಗಳನ್ನು ತಿರುಗಿ ಹೊಡೆಯಬಲ್ಲ ಎದುರಾಳಿಯ ಮುಂದೆ ಅಭ್ಯಾಸ ಮಾಡಿತು. ಮೊದಲಿಗೆ ಒತ್ತಡದಲ್ಲಿ ಎರಡೂ ತಂಡಗಳ ಗುರಿ ಕೆಟ್ಟಿತ್ತು, ತರಬೇತಿಯ ನಂತರ ಎರಡನೆಯ ತಂಡ ಒತ್ತಡದಲ್ಲಿಯೂ ಶಾಂತ ಸ್ಥಿತಿಯಷ್ಟೇ ನಿಖರವಾಗಿ ಹೊಡೆಯಿತು, ರಟ್ಟಿನ ಮೇಲೆ ಕಲಿತವರ ಗುರಿ ಒತ್ತಡ ಬಂದಾಗ ಹಿಂದಿನಂತೆಯೇ ಕುಸಿಯಿತು. ಪೊಲೀಸರ ಕೆಲಸವೂ ಮಕ್ಕಳ ಕ್ರೀಡೆಯೂ ಬೇರೆ ಬೇರೆ. ಮಕ್ಕಳ ಕಡೆಗೆ ಯಾವ ಬಗೆಯ ಗುಂಡನ್ನೂ ಹಾರಿಸುವ ಪ್ರಶ್ನೆ ಕನಸಿನಲ್ಲಿಯೂ ಬರಬಾರದು. ಆದರೆ ಅದೇ ಸಂಶೋಧಕರು ಡಾರ್ಟ್ ಎಸೆತದಂಥ ಆಟಗಳಲ್ಲಿ ನಡೆಸಿದ ಅಧ್ಯಯನಗಳಲ್ಲಿ ಸೌಮ್ಯವಾದ ಆತಂಕದೊಡನೆ ಮಾಡಿದ ಅಭ್ಯಾಸವೂ ಮುಂದೆ ಹೆಚ್ಚಿನ ಆತಂಕದಲ್ಲಿ ಕೈ ಕೆಡದಂತೆ ಕಾಯಬಲ್ಲುದೆಂದು ಕಂಡುಬಂದಿದೆ. ಸೌಮ್ಯವಾದ ಆತಂಕ ಎಂಬ ಆ ಮಾತನ್ನು ತಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದು ವಿನಂತಿ.

ಏಕೆಂದರೆ ಒತ್ತಡದ ತರಬೇತಿ ಎಂಬ ಹೆಸರಿನಲ್ಲಿ ಕೆಲವೆಡೆ ನಡೆಯುತ್ತಿರುವುದು ಬರಿಯ ಗದರಿಕೆ. ಈ ಪತ್ರದ ಲೇಖಕರು ರೇಂಜ್ ಒಂದರಲ್ಲಿ ಕಣ್ಣಾರೆ ಕಂಡ ದೃಶ್ಯವನ್ನು ಇಲ್ಲಿ ದಾಖಲಿಸಬೇಕಾಗಿದೆ. ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ಪಿಸ್ತೂಲು ಎತ್ತಿ ನಿಂತು, ಉಸಿರು ಅರ್ಧಕ್ಕೆ ಬಿಟ್ಟು, ಸೈಟ್‌ನ ಮೇಲೆ ಕಣ್ಣು ನೆಟ್ಟು, ಏಳೆಂಟು ಸೆಕೆಂಡು ಕಳೆದರೂ ಗುರಿ ಕೂಡಿಬಾರದಿದ್ದಾಗ ಬೆರಳನ್ನು ಟ್ರಿಗರ್‌ನಿಂದ ತೆಗೆದು ಪಿಸ್ತೂಲನ್ನು ಮೆಲ್ಲಗೆ ಮೇಜಿನ ಮೇಲಕ್ಕೆ ಇಳಿಸಿದಳು, ಹಿಂದಿನಿಂದ "ಯಾಕೆ ಇಳಿಸ್ದೆ? ಟೈಮ್ ವೇಸ್ಟ್ ಮಾಡ್ತಿದ್ದೀಯ" ಎಂಬ ತಂದೆಯ ದನಿ ಕೇಳಿಸಿತು, ಅವಳು ಹಿಂದಿರುಗಿ ನೋಡಲಿಲ್ಲ, ಕಿವಿಗಳು ಕೆಂಪಾದವು, ಮತ್ತೆ ಎತ್ತಿದ ಪಿಸ್ತೂಲನ್ನು ನಾಲ್ಕನೆಯ ಸೆಕೆಂಡಿಗೇ ಹೊಡೆದುಬಿಟ್ಟಳು, ಪರದೆಯಲ್ಲಿ ಆರು ಕಾಣಿಸಿತು. ಮೊದಲು ಅವಳು ಮಾಡಿದ್ದು ಈ ಕ್ರೀಡೆಯಲ್ಲಿ ಕಲಿಯಬಹುದಾದ ಅತ್ಯಂತ ಕಷ್ಟದ ಕೆಲಸ. ಹೊಡೆಯಬಾರದ ಗುಂಡನ್ನು ಹೊಡೆಯದೆ ಬಿಡುವ ಧೈರ್ಯ ಎಷ್ಟೋ ದೊಡ್ಡವರಿಗೂ ಬಂದಿರುವುದಿಲ್ಲ. ಆ ಒಂದು ದನಿಯಿಂದ ಅವಳು ಕಲಿತ ಪಾಠ, ಗುರಿ ಕೂಡಲಿ ಬಿಡಲಿ ಬೇಗ ಮುಗಿಸಿಬಿಡಬೇಕು ಎಂಬುದು. ತಂದೆ ಮಗಳ ಒಳಿತನ್ನೇ ಬಯಸಿದ್ದರು, ಅದರಲ್ಲಿ ಸಂದೇಹವಿಲ್ಲ. ಹಾಗಿದ್ದೂ ಅಲ್ಲಿ ಆದ ನಷ್ಟ ಬಹುದಿನ ಉಳಿಯುವಂಥದು.

ಕೆಲಸದ ಒತ್ತಡ ಬೇರೆ, ಅವಮಾನದ ಒತ್ತಡ ಬೇರೆ. ಗಡಿಯಾರ, ಸದ್ದು, ಒಂದೇ ಅವಕಾಶ, ನೋಡುವ ಕಣ್ಣುಗಳು, ಏರಿದ ನಾಡಿ ಇವೆಲ್ಲ ಕೆಲಸದ ಒತ್ತಡಗಳು. ಇವುಗಳ ಎದುರು ಮಗು ಏನಾದರೊಂದು ಉಪಾಯ ಕಂಡುಕೊಳ್ಳಬಹುದು. ಪ್ರೀತಿ ಅಂಕಕ್ಕೆ ತಕ್ಕಂತೆ ಏರಿಳಿಯುತ್ತದೆಂಬ ಭಯಕ್ಕೆ ಯಾವ ಉಪಾಯವೂ ಇಲ್ಲ. ತಂದೆ-ತಾಯಂದಿರಲ್ಲಿ ಈ ಪತ್ರದ ಮೊದಲ ಬೇಡಿಕೆ ಇದು: ರೇಂಜ್‌ನಿಂದ ಮನೆಗೆ ಮರಳುವ ದಾರಿಯಲ್ಲಿ, ಸ್ಕೂಟರಿನ ಮೇಲಾಗಲಿ ಕಾರಿನೊಳಗಾಗಲಿ, ಸ್ಕೋರ್ ಎಷ್ಟೆಂದು ದಯವಿಟ್ಟು ಕೇಳದಿರಿ, ಮಗುವೇ ಹೇಳಿದರೆ ಕೇಳಿಸಿಕೊಳ್ಳಿ.

ತರಬೇತುದಾರರು ಏನು ಮಾಡಬಹುದೆಂಬುದನ್ನು ಇನ್ನು ವಿವರವಾಗಿ ನೋಡಬಹುದು. ನಿಲುವು, ಹಿಡಿತ, ಉಸಿರಾಟ, ಟ್ರಿಗರ್ ಎಳೆತ ಇವು ಯೋಚಿಸದೆಯೇ ಕೂಡಿಬರುವ ಮಟ್ಟಕ್ಕೆ ಬರುವ ತನಕ ಒತ್ತಡದ ಮಾತೆತ್ತಬಾರದು. ಅಡಿಪಾಯದ ಸಿಮೆಂಟು ಒಣಗುವ ಮುನ್ನ ಗೋಡೆ ಎಬ್ಬಿಸಿದಂತೆ ಆಗುತ್ತದೆ. ಆ ಹಂತ ದಾಟಿದ ಮೇಲೆ ವಾರದ ಅಭ್ಯಾಸದ ಒಂದು ಸಣ್ಣ ಪಾಲನ್ನು ಮಾತ್ರ ಇದಕ್ಕೆ ಮೀಸಲಿಟ್ಟು, ಉಳಿದ ದಿನಗಳನ್ನು ಹಿಂದಿನಂತೆ ಶಾಂತವಾಗಿಯೇ ನಡೆಸುವುದು ಒಳ್ಳೆಯದು. ತೀರ ಸರಳವಾದ ಆರಂಭವೆಂದರೆ ಒಂದೇ ಗುಂಡಿನ ಪಂದ್ಯ: ಮಗು ಕೆಲವು ಪ್ರಯೋಗದ ಗುಂಡುಗಳನ್ನು ಹೊಡೆದ ನಂತರ ಒಂದೇ ಒಂದು ಗುಂಡನ್ನು ಎಲ್ಲರೂ ನೋಡುತ್ತಿರುವಾಗ ಹೊಡೆಯುತ್ತದೆ, ಬಂದ ಅಂಕವನ್ನು ಹಲಗೆಯ ಮೇಲೆ ಬರೆಯಲಾಗುತ್ತದೆ, ಅಂದಿಗೆ ಎರಡನೆಯ ಅವಕಾಶವಿಲ್ಲ. ಅರವತ್ತು ಗುಂಡುಗಳ ಅಭ್ಯಾಸದಲ್ಲಿ ಕಾಣದ ಎದೆಬಡಿತ ಈ ಒಂದು ಗುಂಡಿನಲ್ಲಿ ಕಾಣಿಸಿಕೊಳ್ಳುವುದನ್ನು ತಾವೇ ಪರೀಕ್ಷಿಸಿ ನೋಡಬಹುದು.

ಅಲ್ಲಿಂದ ಮುಂದೆ ಫೈನಲ್‌ನ ಅಣಕು ಪ್ರದರ್ಶನಕ್ಕೆ ಹೋಗಬಹುದು. ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಫೈನಲ್‌ಗಳಲ್ಲಿ ಎಂಟು ಮಂದಿ ಸ್ಪರ್ಧಿಗಳು ಐದೈದು ಗುಂಡುಗಳ ಎರಡು ಸರಣಿಗಳ ನಂತರ ಆದೇಶಕ್ಕೆ ತಕ್ಕಂತೆ ಒಂದೊಂದೇ ಗುಂಡು ಹೊಡೆಯಬೇಕಿತ್ತು, ಪ್ರತಿ ಗುಂಡಿಗೆ 50 ಸೆಕೆಂಡುಗಳ ಅವಕಾಶವಿತ್ತು, ಹನ್ನೆರಡನೆಯ ಗುಂಡಿನಿಂದ ಆರಂಭಿಸಿ ಎರಡು ಗುಂಡಿಗೊಬ್ಬರಂತೆ ಹೊರಬೀಳುತ್ತಿದ್ದರು, ಇಪ್ಪತ್ತನಾಲ್ಕನೆಯ ಗುಂಡಿಗೆ ಚಿನ್ನ ನಿರ್ಧಾರವಾಗುತ್ತಿತ್ತು. ಅರ್ಹತಾ ಸುತ್ತಿನಲ್ಲಿ ತನ್ನ ಲಯಕ್ಕೆ ತಾನೇ ಒಡೆಯನಾಗಿದ್ದ ಶೂಟರ್ ಇಲ್ಲಿ ಇನ್ನೊಬ್ಬರ ಕೂಗಿಗೆ ಪಿಸ್ತೂಲು ಎತ್ತಬೇಕು, ಸಂಗೀತ, ಚಪ್ಪಾಳೆ, ತನ್ನ ಸ್ಥಾನವನ್ನು ಸಾರುವ ಧ್ವನಿವರ್ಧಕ ಇವುಗಳ ನಡುವೆ ಹೊಡೆಯಬೇಕು. ಇವಾವುದಕ್ಕೂ ಲಕ್ಷಾಂತರ ರೂಪಾಯಿಯ ಉಪಕರಣ ಬೇಕಿಲ್ಲ. ಒಂದು ಮೊಬೈಲ್, ಒಂದು ಸ್ಪೀಕರ್, ಆದೇಶ ಕೂಗಲು ಒಬ್ಬ ಹಿರಿಯ ವಿದ್ಯಾರ್ಥಿ ಮತ್ತು ಬೆಂಚಿನ ಮೇಲೆ ಚಪ್ಪಾಳೆ ತಟ್ಟಲು ಹತ್ತು ಮಕ್ಕಳಿದ್ದರೆ ಸಾಕು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಟಿ.ಎಸ್. ದಿವ್ಯಾ ಅವರು ಸರಬ್ಜೋತ್ ಸಿಂಗ್ ಅವರೊಡನೆ ಮಿಶ್ರ ತಂಡದ ಏರ್ ಪಿಸ್ತೂಲಿನಲ್ಲಿ ಚೀನಾದ ಜೋಡಿಯ ವಿರುದ್ಧ 14–16ರಲ್ಲಿ ಸೋತು ಬೆಳ್ಳಿ ಪಡೆದ ಆಟದ ಸ್ವರೂಪವನ್ನೂ ಮಕ್ಕಳಿಂದ ಆಡಿಸಬಹುದು. ಅಲ್ಲಿ ಪ್ರತಿ ಸುತ್ತಿಗೂ ಇಬ್ಬರೂ ಒಂದೊಂದು ಗುಂಡು ಹೊಡೆದು, ಹೆಚ್ಚು ಮೊತ್ತ ಪಡೆದ ಜೋಡಿಗೆ ಎರಡು ಪಾಯಿಂಟ್ ಸಿಗುವುದರಿಂದ, ತನ್ನ ತಪ್ಪಿಗೆ ಜೊತೆಗಾರ ಬೆಲೆ ತೆರುವ ಇನ್ನೊಂದು ಬಗೆಯ ಒತ್ತಡವನ್ನೂ ಮಗು ತಾಳಿಕೊಳ್ಳಲು ಕಲಿಯುತ್ತದೆ.

ಅನಿರೀಕ್ಷಿತವಾದದ್ದಕ್ಕೂ ಅಭ್ಯಾಸ ಬೇಕು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟು, ದುರಸ್ತಿಗೆ ಸುಮಾರು ಇಪ್ಪತ್ತು ನಿಮಿಷಗಳು ಕಳೆದುಹೋದವು. ಉಳಿದ ಗುಂಡುಗಳನ್ನು ಅವಸರದಲ್ಲಿ ಹೊಡೆಯಬೇಕಾಗಿ ಬಂದು 575 ಅಂಕ ಗಳಿಸಿದ ಅವರು ಎರಡೇ ಅಂಕಗಳಿಂದ ಫೈನಲ್‌ನ ಅವಕಾಶ ಕಳೆದುಕೊಂಡರು. ಅದೇ ಶೂಟರ್ 2024ರಲ್ಲಿ ಪ್ಯಾರಿಸ್‌ನಲ್ಲಿ 221.7 ಅಂಕಗಳೊಡನೆ ಕಂಚು ಗೆದ್ದು, ಸರಬ್ಜೋತ್ ಅವರೊಡನೆ ಇನ್ನೊಂದು ಕಂಚನ್ನೂ ತಂದರು. ವಾರಕ್ಕೊಮ್ಮೆಯಾದರೂ ಸರಣಿಯ ನಡುವೆ ಮಗುವನ್ನು ನಿಲ್ಲಿಸಿ, ಹತ್ತು ನಿಮಿಷ ಕಾಯಿಸಿ, ಬೇರೆ ಲೇನ್‌ಗೆ ಕಳುಹಿಸಿ, ಉಳಿದ ಸಮಯದಲ್ಲಿ ಆಟ ಮುಗಿಸಲು ಹೇಳುವುದು ಕ್ರೂರವಾಗಿ ಕಾಣಬಹುದು. ಮುಂಚಿತವಾಗಿ ಉದ್ದೇಶವನ್ನು ತಿಳಿಸಿ ಮಾಡಿದರೆ ಮಕ್ಕಳು ಅದನ್ನು ಆಟವೆಂದೇ ಸ್ವೀಕರಿಸುತ್ತಾರೆ. ಭಯಕ್ಕೂ ಹೀಗೆಯೇ ಒಗ್ಗಿಕೊಳ್ಳಬಹುದು: 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಶೂಟರ್ ಅಭಿನವ್ ಬಿಂದ್ರಾ ಅವರು ಜರ್ಮನಿಯಲ್ಲಿ ಸುಮಾರು 40 ಅಡಿ ಎತ್ತರದ ಕಂಬವೊಂದನ್ನು ಹತ್ತಿ ಅದರ ಕಿರಿದಾದ ತುದಿಯ ಮೇಲೆ ನಿಂತದ್ದನ್ನು ತಾವೇ ಹಲವು ಕಡೆ ಹೇಳಿಕೊಂಡಿದ್ದಾರೆ. ಬೀಜಿಂಗ್ ಫೈನಲ್‌ನ ಕೊನೆಯ ಗುಂಡಿಗೆ ಮೊದಲು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಅವರೊಡನೆ ಸಮಬಲದಲ್ಲಿದ್ದಾಗ ಬಿಂದ್ರಾ 10.8 ಹೊಡೆದರು, ಹಕ್ಕಿನೆನ್ 9.7 ಹೊಡೆದರು. ಕಂಬ ಹತ್ತಿದ್ದರಿಂದಲೇ ಆ 10.8 ಬಂತೆಂದು ಯಾರೂ ಹೇಳಲಾರರು. ಭಯವನ್ನು ಹೊತ್ತುಕೊಂಡೇ ಮುಂದಿನ ಹೆಜ್ಜೆ ಇಡುವುದು ಅವರಿಗೆ ಆ ದಿನ ಹೊಸತಾಗಿರಲಿಲ್ಲ ಎಂಬಷ್ಟನ್ನು ಹೇಳಬಹುದು. ಮಕ್ಕಳಿಗೆ ಕಂಬ ಬೇಕಿಲ್ಲ.

ದೈಹಿಕ ಒತ್ತಡದ ಪಾಠಕ್ಕೆ ಒಂದು ಮೆಟ್ಟಿಲು ಅಥವಾ ಗಟ್ಟಿಯಾದ ಮಣೆ ಸಾಕು. ಅರ್ಧ ನಿಮಿಷ ಹತ್ತಿಳಿದು ಬಂದ ಮಗು ತನ್ನ ಉಸಿರನ್ನು ದೀರ್ಘವಾಗಿ ಹೊರಬಿಡುತ್ತ, ನಾಡಿ ಇಳಿಯುವುದನ್ನು ಗಮನಿಸುತ್ತ, ಯಾವಾಗ ಪಿಸ್ತೂಲು ಎತ್ತಬೇಕೆಂಬುದನ್ನು ತಾನೇ ನಿರ್ಧರಿಸಲಿ. ಇಲ್ಲೊಂದು ಕಟ್ಟುನಿಟ್ಟಿನ ಎಚ್ಚರಿಕೆ ಬೇಕು. ವ್ಯಾಯಾಮದ ಹೊತ್ತಿನಲ್ಲಿ ಆಯುಧವು ಗುಂಡಿಲ್ಲದೆ, ನಳಿಗೆಯೊಳಗೆ ಸೇಫ್ಟಿ ಫ್ಲಾಗ್ ಎಂಬ ಬಣ್ಣದ ದಾರ ಇರುವಂತೆ, ಗುರಿಯ ದಿಕ್ಕಿಗೆ ಮುಖಮಾಡಿ ಮೇಜಿನ ಮೇಲೆಯೇ ಇರಬೇಕು. ಆಯುಧ ಹಿಡಿದು ಓಡುವುದಾಗಲಿ ತಿರುಗುವುದಾಗಲಿ ಕೂಡದು. ಮೊದಲ ತಿಂಗಳುಗಳಲ್ಲಿ ಈ ಅಭ್ಯಾಸವೆಲ್ಲ ಡ್ರೈ ಫೈರಿಂಗ್, ಅಂದರೆ ಗುಂಡು ತುಂಬದೆ ಟ್ರಿಗರ್ ಎಳೆಯುವ ಕ್ರಮದಲ್ಲಿಯೇ ನಡೆಯಬೇಕು. ದಣಿದ ಮಗು ಬೇಡವೆಂದರೆ ಅಲ್ಲಿಗೆ ನಿಲ್ಲಿಸಬೇಕು.

ಒತ್ತಡ ಇಳಿಸುವ ಮಾತ್ರೆಯ ವಿಷಯದಲ್ಲಿ ಸುತ್ತುಬಳಸು ಮಾತು ಬೇಡ. ಎದೆಬಡಿತವನ್ನೂ ನಡುಕವನ್ನೂ ಇಳಿಸುವ ಬೀಟಾ ಬ್ಲಾಕರ್ ಎಂಬ ವರ್ಗದ ಔಷಧಗಳು ಶೂಟಿಂಗ್‌ನಲ್ಲಿ ಪಂದ್ಯದ ದಿನವೂ ಉಳಿದ ದಿನಗಳಲ್ಲಿಯೂ ನಿಷಿದ್ಧ. ಬೀಜಿಂಗ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್-ಸು ಅವರು ಈ ವರ್ಗದ ಪ್ರೊಪ್ರನೊಲಾಲ್ ಸೇವಿಸಿದ್ದು ಪತ್ತೆಯಾಗಿ ಗೆದ್ದ ಎರಡೂ ಪದಕಗಳನ್ನು ಕಳೆದುಕೊಂಡರು. ರಕ್ತದೊತ್ತಡಕ್ಕೂ ಮೈಗ್ರೇನ್ ತಲೆನೋವಿಗೂ ಅನೇಕ ಮನೆಗಳಲ್ಲಿ ಇಟ್ಟುಕೊಂಡಿರುವ ಈ ಔಷಧವನ್ನು "ಒಂದು ಮಾತ್ರೆಯಿಂದ ಏನಾಗುತ್ತದೆ" ಎಂದು ಮಗುವಿಗೆ ಕೊಡುವುದು ಆರೋಗ್ಯಕ್ಕೂ ಅಪಾಯ, ಕ್ರೀಡೆಗೂ ದ್ರೋಹ.

ಮತ್ತೆ ಅಭ್ಯಾಸದ ಮಾತಿಗೆ ಬಂದರೆ, ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲಿಸಿದ ಬಳಿಕ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಊರಿಗೆ ಊರೇ ನೆರೆದು ಕೂಗುತ್ತಿರುವಾಗ, ನಂಟರು ಇಷ್ಟರು ಬೆನ್ನ ಹಿಂದೆಯೇ ನಿಂತಿರುವಾಗ, ಸರದಿ ಬಂದವರು ಬಂದೂಕು ಎತ್ತುತ್ತಾರೆ; ಕಾಯಿ ಒಡೆದರೆ ಕೇಕೆ ಏಳುತ್ತದೆ, ತಪ್ಪಿದರೆ ಬಂದೂಕು ಮುಂದಿನವರ ಕೈಗೆ ಹೋಗುತ್ತದೆ, ಹಬ್ಬ ಮುಂದುವರಿಯುತ್ತದೆ. ಒತ್ತಡವಿದ್ದೂ ಅವಮಾನವಿಲ್ಲದ ಅಭ್ಯಾಸದ ಮಾದರಿಯನ್ನು ಹುಡುಕುವವರು ದೂರ ಹೋಗಬೇಕಾಗಿಲ್ಲವೆಂಬುದು ಈ ಪತ್ರದ ಲೇಖಕರ ದೃಢವಾದ ಅನಿಸಿಕೆ.

ಮುಂದಿನ ಶನಿವಾರದಿಂದಲೇ ಆರಂಭಿಸಬಹುದಾದ ಒಂದು ಕೋರಿಕೆಯೊಡನೆ ಈ ಪತ್ರವನ್ನು ಮುಗಿಸಲಾಗುತ್ತಿದೆ. ಅಂದಿನ ಅಭ್ಯಾಸದ ಕೊನೆಯ ಐದು ಗುಂಡುಗಳನ್ನು ಎಲ್ಲ ಮಕ್ಕಳೂ ಆದೇಶಕ್ಕೆ ತಕ್ಕಂತೆ, ಸ್ಪೀಕರಿನ ಸದ್ದಿನ ನಡುವೆ ಹೊಡೆಯಲಿ. ಅಂಕಗಳ ಜೊತೆಗೆ, ಯಾರು ಎಷ್ಟು ಸಲ ಹೊಡೆಯದೆ ಪಿಸ್ತೂಲನ್ನು ಇಳಿಸಿದರೆಂಬುದನ್ನೂ ತರಬೇತುದಾರರು ಹಲಗೆಯ ಮೇಲೆ ಬರೆಯಲಿ. ಹಾಗೆ ಇಳಿಸಿದ ಪ್ರತಿ ಸಲಕ್ಕೂ ಬೆಂಚಿನ ಮೇಲೆ ಕುಳಿತ ತಂದೆ-ತಾಯಂದಿರು ಚಪ್ಪಾಳೆ ತಟ್ಟಲಿ.

ಶೂಟಿಂಗ್ ಕ್ರೀಡೆಯ ಓರ್ವ ಹಿತೈಷಿ